ಸನ್‌ಸ್ಕ್ರೀನ್ ಟ್ಯೂಬಿನ ಮೇಲಿನ ಅಂಕಿ ಯಾರ ಚರ್ಮದ ಲೆಕ್ಕ?

ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ರಾಜ್ಯದಲ್ಲಿ, ಬ್ರಿಸ್ಬೇನ್ ನಗರದಿಂದ ಸುಮಾರು ನೂರು ಕಿಲೋಮೀಟರ್ ಉತ್ತರಕ್ಕೆ, ನಂಬೂರ್ ಎಂಬ ಸಣ್ಣ ಊರಿದೆ. 1992ರಲ್ಲಿ ಆ ಊರಿನ 1,621 ನಿವಾಸಿಗಳನ್ನು ಚೀಟಿ ಎತ್ತಿದ ಹಾಗೆ ಗುಂಪುಗಳಾಗಿ ವಿಂಗಡಿಸಿ, ಒಂದು ಪಾಲಿನವರಿಗೆ ದಿನವೂ ಮುಖ, ಕತ್ತು, ತೋಳು ಮತ್ತು ಕೈಗಳಿಗೆ ಸನ್‌ಸ್ಕ್ರೀನ್ ಹಚ್ಚಿಕೊಳ್ಳುವಂತೆ ಹೇಳಲಾಯಿತು. ಇನ್ನೊಂದು ಪಾಲಿನವರು ಮೊದಲು ಹೇಗಿದ್ದರೋ ಹಾಗೆಯೇ, ಬೇಕೆನಿಸಿದಾಗ ಹಚ್ಚಿಕೊಂಡರೂ ಸರಿ, ಬಿಟ್ಟರೂ ಸರಿ. ಸಂಶೋಧಕಿ ಅಡೆಲ್ ಗ್ರೀನ್ ಅವರ ನೇತೃತ್ವದ ಈ ಪ್ರಯೋಗ 1996ರವರೆಗೆ ನಡೆಯಿತು. ದಿನವೂ ಹಚ್ಚಿಕೊಂಡವರಲ್ಲಿ ಚರ್ಮದ ಕ್ಯಾನ್ಸರ್‌ನ ಒಂದು ಬಗೆಯಾದ ಸ್ಕ್ವಾಮಸ್ ಕೋಶಗಳ ಕ್ಯಾನ್ಸರ್ ಸುಮಾರು ಶೇಕಡ 40ರಷ್ಟು ಕಡಿಮೆಯಾಗಿತ್ತು. ಪ್ರಯೋಗ ಮುಗಿದ ಮೇಲೂ ಹತ್ತು ವರ್ಷ ಆ ಜನರನ್ನು ಗಮನಿಸುತ್ತ ಬಂದಾಗ, ಚರ್ಮದ ಕ್ಯಾನ್ಸರ್‌ಗಳಲ್ಲೇ ಹೆಚ್ಚು ಅಪಾಯಕಾರಿಯಾದ ಮೆಲನೋಮ ಮೊದಲ ಗುಂಪಿನಲ್ಲಿ 11 ಮಂದಿಗೆ, ಎರಡನೆಯದರಲ್ಲಿ 22 ಮಂದಿಗೆ ಬಂದಿತ್ತು. ಅವರಿಗೆ ಕೊಟ್ಟದ್ದು ಎಸ್‌ಪಿಎಫ್ 16ರ, ಅಂದರೆ ಟ್ಯೂಬಿನ ಮೇಲಿನ ರಕ್ಷಣೆಯ ಅಂಕಿ 16 ಇರುವ ಲೇಪ. ಇಂದಿನ ಅಂಗಡಿಗಳಲ್ಲಿ 50ಕ್ಕಿಂತ ಕೆಳಗಿನದನ್ನು ಕೇಳುವವರೇ ಕಡಿಮೆ.

ಈ ಪ್ರಯೋಗ ನಂಬೂರಿನಲ್ಲಿ ನಡೆದದ್ದಕ್ಕೆ ಕಾರಣವಿದೆ. ಅಲ್ಲಿನ ಬಹುಪಾಲು ಜನರ ಪೂರ್ವಜರು ಬ್ರಿಟನ್, ಐರ್ಲೆಂಡ್‌ಗಳಂಥ ಮೋಡ ಕವಿದ ನಾಡುಗಳಿಂದ ಬಂದವರು. ಮಂಕು ಬಿಸಿಲಿಗೆ ಒಗ್ಗಿದ ಚರ್ಮವನ್ನು ಹೊತ್ತುಕೊಂಡು ಅವರು ಉರಿಬಿಸಿಲಿನ ನಾಡಿಗೆ ಬಂದು ನೆಲೆಸಿದರು. ವಂಶವಾಹಿಗಳು ಸಾವಿರಾರು ವರ್ಷಗಳಲ್ಲಿ ಹೊಂದಿಕೊಂಡದ್ದು ಒಂದು ಆಕಾಶಕ್ಕೆ, ಬದುಕು ನಡೆದದ್ದು ಇನ್ನೊಂದು ಆಕಾಶದ ಕೆಳಗೆ. ಸನ್‌ಸ್ಕ್ರೀನಿನ ಕುರಿತು ನಮಗಿರುವ ತಿಳಿವಳಿಕೆಯ ಬಹುಪಾಲು ಇಂಥ ಬಿಳಿಯ ಚರ್ಮವನ್ನು ಕಾಪಾಡುವ ಕಾಳಜಿಯಿಂದ ಹುಟ್ಟಿದ್ದು. ಹಾಗಾದರೆ ಆ ತಿಳಿವಳಿಕೆಯಲ್ಲಿ ಎಣ್ಣೆಗೆಂಪು, ಗೋಧಿ, ಕಪ್ಪು ಬಣ್ಣಗಳ ನಮ್ಮ ಚರ್ಮಕ್ಕೆ ಸಲ್ಲುವುದು ಎಷ್ಟು, ಸಲ್ಲದ್ದು ಎಷ್ಟು? ಇದನ್ನು ಅರಿಯಲು ಬಿಸಿಲು ಚರ್ಮದೊಳಗೆ ಮಾಡುವುದೇನು ಎಂಬಲ್ಲಿಂದಲೇ ಆರಂಭಿಸಬೇಕು.

ಸೂರ್ಯನಿಂದ ಬರುವ ನೇರಳಾತೀತ ಕಿರಣಗಳಲ್ಲಿ ಅತ್ಯಂತ ಕಿರಿದಾದ ತರಂಗದ ಯುವಿ-ಸಿ ಭಾಗವನ್ನು ಓಜೋನ್ ಪದರ ಪೂರ್ತಿಯಾಗಿ ತಡೆಯುತ್ತದೆ. ನೆಲ ಮುಟ್ಟುವುದರಲ್ಲಿ ಸುಮಾರು ಶೇಕಡ 95 ಭಾಗ 315ರಿಂದ 400 ನ್ಯಾನೊಮೀಟರ್ ತರಂಗದ ಯುವಿ-ಎ. ಉಳಿದದ್ದು ಅದಕ್ಕಿಂತ ಕಿರಿಯ ತರಂಗದ ಯುವಿ-ಬಿ. ಪಾಲು ಚಿಕ್ಕದಾದರೂ ಯುವಿ-ಬಿಯ ಪೆಟ್ಟು ನೇರವಾದದ್ದು. ಹೊರಚರ್ಮದ ಕೋಶಗಳಲ್ಲಿರುವ ಡಿಎನ್‌ಎ ಅದನ್ನು ತಾನೇ ಹೀರಿಕೊಳ್ಳುತ್ತದೆ, ಆಗ ಎಳೆಯಲ್ಲಿ ಅಕ್ಕಪಕ್ಕ ಇರುವ ಎರಡು ಥೈಮಿನ್ ಅಥವಾ ಸೈಟೊಸಿನ್ ಘಟಕಗಳು ಒಂದಕ್ಕೊಂದು ಬೆಸೆದುಕೊಂಡು ಗಂಟಾಗುತ್ತವೆ. ಆ ಗಂಟನ್ನು ಬಿಡಿಸದೆಯೇ ಕೋಶ ಇಬ್ಭಾಗವಾದರೆ ನಕಲಿನಲ್ಲಿ ತಪ್ಪು ಅಕ್ಷರ ಸೇರಿಕೊಳ್ಳುತ್ತದೆ. ಅಂಥ ತಪ್ಪುಗಳು ಕೂಡುತ್ತ ಹೋದಂತೆ ಕ್ಯಾನ್ಸರ್‌ಗೆ ದಾರಿಯಾಗುತ್ತದೆ. ಯುವಿ-ಎ ಇನ್ನೂ ಆಳಕ್ಕಿಳಿದು ಒಳಚರ್ಮವನ್ನು ತಲುಪುತ್ತದೆ, ಅಲ್ಲಿ ಉಪದ್ರವಕಾರಿ ಆಮ್ಲಜನಕ ಅಣುಗಳನ್ನು ಹುಟ್ಟಿಸುತ್ತದೆ, ಚರ್ಮವನ್ನು ಬಿಗಿಯಾಗಿ ಹಿಡಿದಿಡುವ ಕೊಲಾಜೆನ್ ನಾರುಗಳನ್ನು ಸಡಿಲಗೊಳಿಸುತ್ತದೆ. ಕಿಟಕಿಯ ಗಾಜು ಯುವಿ-ಬಿಯನ್ನು ತಡೆದರೂ ಯುವಿ-ಎಯ ಬಹುಪಾಲನ್ನು ಒಳಕ್ಕೆ ಬಿಡುತ್ತದೆ. ಅಮೆರಿಕದಲ್ಲಿ 28 ವರ್ಷ ಸರಕಿನ ವಾಹನ ಓಡಿಸಿದ ಚಾಲಕರೊಬ್ಬರ ಮುಖದ ಚಿತ್ರ 2012ರಲ್ಲಿ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಪ್ರಕಟವಾಯಿತು. ಕಿಟಕಿಯ ಕಡೆಗಿದ್ದ ಎಡಗೆನ್ನೆ ಆಳವಾಗಿ ಸುಕ್ಕುಗಟ್ಟಿ ಜೋತುಬಿದ್ದಿತ್ತು, ಬಲಗೆನ್ನೆ ಹಲವು ವರ್ಷ ಚಿಕ್ಕವರದೆಂಬಂತೆ ತೋರುತ್ತಿತ್ತು. ನಮ್ಮ ಬಸ್ಸು, ಲಾರಿಗಳ ಚಾಲಕರಿಗೆ ಬಿಸಿಲು ಬೀಳುವುದು ಬಲಗೆನ್ನೆಗೆ ಮತ್ತು ಬಲತೋಳಿಗೆ.

ಚರ್ಮ ಸುಮ್ಮನೆ ಪೆಟ್ಟು ತಿನ್ನುತ್ತ ಕೂರುವುದಿಲ್ಲ. ಡಿಎನ್‌ಎಗೆ ಹಾನಿಯಾದದ್ದನ್ನು ಹೊರಚರ್ಮದ ಕೋಶದಲ್ಲಿರುವ ಪಿ53 ಎಂಬ ಪ್ರೋಟೀನು ಗುರುತಿಸಿ, ಒಂದು ಹಾರ್ಮೋನನ್ನು ತಯಾರಿಸಲು ಸೂಚನೆ ಕೊಡುತ್ತದೆ. ಆ ಹಾರ್ಮೋನು ಪಕ್ಕದ ಮೆಲನೊಸೈಟ್ ಎಂಬ ವರ್ಣಕೋಶದ ಮೇಲಿರುವ ಎಂಸಿ1ಆರ್ ಎಂಬ ಗ್ರಾಹಕಕ್ಕೆ, ಬೀಗಕ್ಕೆ ಕೀಲಿ ಸೇರುವಂತೆ, ಬಂದು ಕೂರುತ್ತದೆ. ಒಳಗೆ ಒಂದರ ಹಿಂದೊಂದು ಕ್ರಿಯೆಗಳು ನಡೆದು ಕಪ್ಪು-ಕಂದು ಬಣ್ಣದ ಮೆಲನಿನ್ ತಯಾರಾಗುತ್ತದೆ, ಸಣ್ಣ ಸಣ್ಣ ಕಣಗಳಾಗಿ ನೆರೆಯ ಕೋಶಗಳಿಗೆ ರವಾನೆಯಾಗುತ್ತದೆ, ಅಲ್ಲಿ ಕೋಶಕೇಂದ್ರದ ಮೇಲೆ, ಬಿಸಿಲು ಬೀಳುವ ಮಗ್ಗುಲಿಗೇ, ಕೊಡೆ ಹಿಡಿದಂತೆ ನೆಲೆ ನಿಲ್ಲುತ್ತದೆ. ಬಿಸಿಲಿಗೆ ಹೋಗಿ ಎರಡು ಮೂರು ದಿನಗಳ ಮೇಲೆ ಕಾಣುವ ಕಪ್ಪು ಇದು. ಅದೇ ದಿನ ಸಂಜೆ ಕನ್ನಡಿಯಲ್ಲಿ ಕಾಣುವ ಕಪ್ಪು ಬೇರೆಯದು. ಮೊದಲೇ ಇದ್ದ ಮೆಲನಿನ್ ಯುವಿ-ಎ ತಾಗಿ ಬಣ್ಣ ಬದಲಿಸುವುದರಿಂದ ಅದು ಉಂಟಾಗುತ್ತದೆ, ಮತ್ತು ಅದರಿಂದ ರಕ್ಷಣೆ ಏನೂ ಹೆಚ್ಚುವುದಿಲ್ಲ. ಅಂದರೆ ಬಿಸಿಲಿನ ಕಪ್ಪು ಚರ್ಮಕ್ಕಾದ ಕೊಳಕಲ್ಲ, ಉಜ್ಜಿ ತೆಗೆಯಬೇಕಾದ ಪದರವೂ ಅಲ್ಲ. ಪೆಟ್ಟು ಬಿದ್ದ ಮೇಲೆ ಚರ್ಮ ಎತ್ತಿಕೊಂಡ ಗುರಾಣಿ ಅದು.

ಬಿಸಿಲಿಗೆ ಚರ್ಮ ಕಪ್ಪಾಗುವುದರಲ್ಲಿ ವಂಶವಾಹಿಯ ಪಾತ್ರ ಸ್ಪಷ್ಟವಾಗಿ ಕಂಡದ್ದು ಇದೇ ಎಂಸಿ1ಆರ್ ಗ್ರಾಹಕದಲ್ಲಿ. ಕೆಂಗೂದಲಿನ, ಬಿಸಿಲಿಗೆ ಕಪ್ಪಾಗದೆ ಸುಟ್ಟು ಕೆಂಪಾಗುವ ಜನರಲ್ಲಿ ಈ ಗ್ರಾಹಕದ ವಂಶವಾಹಿ ಬೇರೆ ರೂಪದಲ್ಲಿರುತ್ತದೆ ಎಂದು 1995ರಲ್ಲಿ ಬ್ರಿಟನ್ನಿನ ಸಂಶೋಧಕರು ತೋರಿಸಿಕೊಟ್ಟರು. ಅಂಥವರಲ್ಲಿ ಕೀಲಿ ಬಂದರೂ ಬೀಗ ಸರಿಯಾಗಿ ತೆರೆಯುವುದಿಲ್ಲ. ಕಪ್ಪು ಮೆಲನಿನ್ ಬದಲು ಕೆಂಪು-ಹಳದಿ ಮೆಲನಿನ್ ತಯಾರಾಗುತ್ತದೆ, ಅದು ಒಳ್ಳೆಯ ಗುರಾಣಿಯಲ್ಲ. ಹಾಗಾದರೆ ಬೀಗವನ್ನು ಬಿಟ್ಟು ಹಿಂಬಾಗಿಲಿನಿಂದ ಒಳಹೋದರೆ ಹೇಗೆ? ಬೋಸ್ಟನ್ನಿನ ಡೇವಿಡ್ ಫಿಶರ್ ಅವರ ತಂಡ 2006ರಲ್ಲಿ ಇದನ್ನೇ ಮಾಡಿತು. ಎಂಸಿ1ಆರ್ ಕೆಲಸ ಮಾಡದ ಇಲಿಗಳ ಚರ್ಮಕ್ಕೆ ಫೋರ್ಸ್ಕೊಲಿನ್ ಎಂಬ ರಾಸಾಯನಿಕವನ್ನು ಹಚ್ಚಿದಾಗ ಗ್ರಾಹಕದ ಮುಂದಿನ ಹಂತ ನೇರವಾಗಿ ಚಾಲನೆಗೊಂಡು, ಬಿಸಿಲೇ ಇಲ್ಲದೆ ಅವುಗಳ ಚರ್ಮ ಕಪ್ಪಾಯಿತು, ನೇರಳಾತೀತ ಕಿರಣದ ಹಾನಿಯೂ ತಗ್ಗಿತು. ಈ ಫೋರ್ಸ್ಕೊಲಿನ್ ಸಿಗುವುದು ಕೋಲಿಯಸ್ ಗಿಡದ ಬೇರಿನಲ್ಲಿ. ಕರ್ನಾಟಕದ ರೈತರು ಮಾಕಂದಿ ಬೇರು ಎಂದು ಬೆಳೆಯುವುದು ಅದನ್ನೇ. ಇಲಿಯ ಚರ್ಮಕ್ಕಿಂತ ಮನುಷ್ಯನ ಚರ್ಮ ಬಹಳ ದಪ್ಪವಾದ್ದರಿಂದ ಆ ರಾಸಾಯನಿಕ ನಮ್ಮಲ್ಲಿ ಒಳಗಿಳಿಯುವುದಿಲ್ಲ. ಆದ್ದರಿಂದ ಬೇರನ್ನು ಅರೆದು ಹಚ್ಚಿಕೊಳ್ಳುವ ಯೋಚನೆಯನ್ನು ಯಾರೂ ಮಾಡಬಾರದು.

ಬಣ್ಣ ಒಂದೇ ವಂಶವಾಹಿಯ ಮಾತಲ್ಲ. ಕಪ್ಪಗಿರುವವರಲ್ಲೂ ಬೆಳ್ಳಗಿರುವವರಲ್ಲೂ ವರ್ಣಕೋಶಗಳ ಸಂಖ್ಯೆ ಹೆಚ್ಚುಕಡಿಮೆ ಒಂದೇ. ವ್ಯತ್ಯಾಸ ಇರುವುದು ಅವು ತಯಾರಿಸುವ ಮೆಲನಿನ್ನಿನ ಬಗೆ ಮತ್ತು ಪ್ರಮಾಣದಲ್ಲಿ, ಕಣಗಳ ಗಾತ್ರದಲ್ಲಿ, ಅವು ಹರಡಿಕೊಳ್ಳುವ ರೀತಿಯಲ್ಲಿ. ಜೀಬ್ರಾ ಮೀನಿನಲ್ಲಿ ಬಣ್ಣವನ್ನು ನಿರ್ಧರಿಸುವ ಎಸ್‌ಎಲ್‌ಸಿ24ಎ5 ಎಂಬ ವಂಶವಾಹಿ ಮನುಷ್ಯರಲ್ಲೂ ಅದೇ ಕೆಲಸ ಮಾಡುತ್ತದೆ ಎಂಬುದು 2005ರಲ್ಲಿ ತಿಳಿಯಿತು. ಅದರಲ್ಲಿ ಒಂದೇ ಒಂದು ಅಕ್ಷರದ ಬದಲಾವಣೆಯುಳ್ಳ ರೂಪ ಯುರೋಪಿನಲ್ಲಿ ಬಹುಮಟ್ಟಿಗೆ ಎಲ್ಲರಲ್ಲೂ ಇದೆ. ಭಾರತದಲ್ಲಿ ಅದರ ಪ್ರಮಾಣ ಪ್ರದೇಶದಿಂದ ಪ್ರದೇಶಕ್ಕೆ, ಸಮುದಾಯದಿಂದ ಸಮುದಾಯಕ್ಕೆ ಬದಲಾಗುತ್ತದೆ. ನಮ್ಮಲ್ಲಿರುವ ಆ ರೂಪವೂ ಯುರೋಪಿನವರಲ್ಲಿರುವುದೂ ಒಂದೇ ಮೂಲದಿಂದ ಬಂದವು ಎಂದು ಹೈದರಾಬಾದಿನ ಸಿಸಿಎಂಬಿ ಸಂಸ್ಥೆಯ ಕುಮಾರಸಾಮಿ ತಂಗರಾಜ್ ಮತ್ತು ಅವರ ಸಹಸಂಶೋಧಕರು 2013ರಲ್ಲಿ ಪ್ರಕಟಿಸಿದರು. ಇದರ ಜೊತೆಗೆ ಇನ್ನೂ ಹಲವು ವಂಶವಾಹಿಗಳು ಕೈಜೋಡಿಸುವುದರಿಂದಲೇ ಒಂದೇ ತಾಯಿಯ ಮಕ್ಕಳಲ್ಲಿ ಒಬ್ಬರು ಬೆಳ್ಳಗೆ, ಇನ್ನೊಬ್ಬರು ಕಪ್ಪಗೆ ಇರುವುದು ನಮ್ಮ ಮನೆಗಳಲ್ಲಿ ಸಾಮಾನ್ಯ.

ಕಪ್ಪು ಚರ್ಮದ ರಕ್ಷಣೆ ಎಷ್ಟು ಎಂಬುದನ್ನು 1979ರಲ್ಲಿ ಅಳೆಯಲಾಗಿದೆ. ಕಪ್ಪು ವರ್ಣದವರ ಹೊರಚರ್ಮ ಯುವಿ-ಬಿಯಲ್ಲಿ ಶೇಕಡ 7.4ರಷ್ಟನ್ನು ಮಾತ್ರ ಒಳಕ್ಕೆ ಬಿಟ್ಟರೆ, ಬಿಳಿಯರದು ಶೇಕಡ 24ರಷ್ಟನ್ನು ಬಿಟ್ಟಿತ್ತು. ಹುಟ್ಟಿನಿಂದಲೇ ಬಂದ ಈ ರಕ್ಷಣೆ ಎಸ್‌ಪಿಎಫ್ ಲೆಕ್ಕದಲ್ಲಿ ಸುಮಾರು 13, ಬಿಳಿಯರದು 3ಕ್ಕೆ ಸ್ವಲ್ಪ ಮೇಲೆ. ಭಾರತೀಯರ ಚರ್ಮ ಈ ಎರಡರ ನಡುವಿನ ದೊಡ್ಡ ಹರವಿನಲ್ಲಿ ಚದುರಿಕೊಂಡಿದೆ. ಇದೇನು ಸಣ್ಣ ಆಸ್ತಿಯಲ್ಲ. ನಮ್ಮಲ್ಲಿ ಚರ್ಮದ ಕ್ಯಾನ್ಸರ್ ವಿರಳವಾಗಿರುವುದಕ್ಕೆ ಮುಖ್ಯ ಕಾರಣ ಈ ಮೆಲನಿನ್, ಮತ್ತು ಅದನ್ನು ಕೊರತೆಯೆಂದು ಮಕ್ಕಳಿಗೆ ಹೇಳಿಕೊಟ್ಟ ಜಾಹೀರಾತುಗಳು ಮಾಡಿದ ಅನ್ಯಾಯ ದೊಡ್ಡದು ಎಂದು ನಾನು ನಂಬುತ್ತೇನೆ.

ಬಣ್ಣದಲ್ಲಿ ಕಾಣದ ಆನುವಂಶಿಕ ವ್ಯತ್ಯಾಸವೂ ಇದೆ, ಅದು ರಿಪೇರಿಯದು. ಡಿಎನ್‌ಎ ಎಳೆಯಲ್ಲಿ ಬಿದ್ದ ಗಂಟನ್ನು ಕೋಶದೊಳಗಿನ ಕಿಣ್ವಗಳ ತಂಡವೊಂದು ಗುರುತಿಸಿ, ಆ ತುಂಡನ್ನೇ ಕತ್ತರಿಸಿ ತೆಗೆದು, ಎದುರಿನ ಎಳೆಯನ್ನು ನೋಡಿಕೊಂಡು ಹೊಸದಾಗಿ ನೇಯುತ್ತದೆ. ಈ ಕೆಲಸದ ವಿವರಗಳನ್ನು ಬಿಡಿಸಿ ತೋರಿಸಿದ ಅಜೀಜ್ ಸಾನ್ಕಾರ್ 2015ರ ರಸಾಯನ ವಿಜ್ಞಾನದ ನೊಬೆಲ್ ಹಂಚಿಕೊಂಡವರಲ್ಲಿ ಒಬ್ಬರು. ಝೀರೋಡರ್ಮ ಪಿಗ್ಮೆಂಟೋಸಮ್ ಎಂಬ ಕಾಯಿಲೆಯ ಮಕ್ಕಳಲ್ಲಿ ಈ ತಂಡದ ಒಂದು ಕೊಂಡಿ ಕಳಚಿರುತ್ತದೆ. ಜೇಮ್ಸ್ ಕ್ಲೀವರ್ ಇದನ್ನು ಕಂಡುಹಿಡಿದದ್ದು 1968ರಲ್ಲಿ. ಅಂಥ ಮಕ್ಕಳ ಮುಖದ ಮೇಲೆ ಎಳವೆಯಲ್ಲೇ ಚುಕ್ಕೆಗಳು ಮೂಡುತ್ತವೆ, ಹತ್ತಿಪ್ಪತ್ತು ವರ್ಷದೊಳಗೆ ಕ್ಯಾನ್ಸರ್ ಕಾಣಿಸಿಕೊಳ್ಳಬಹುದು, ಮತ್ತು ಚರ್ಮ ಎಷ್ಟೇ ಕಪ್ಪಾಗಿದ್ದರೂ ಅದು ಅವರನ್ನು ಪೂರ್ತಿ ಕಾಪಾಡುವುದಿಲ್ಲ. ತಂದೆ ತಾಯಿ ಇಬ್ಬರಿಂದಲೂ ಕೆಟ್ಟ ಪ್ರತಿ ಬಂದಾಗ ಮಾತ್ರ ಈ ಕಾಯಿಲೆ ಬರುತ್ತದೆ. ಸೋದರಮಾವನನ್ನೋ ಅತ್ತೆಯ ಮಗನನ್ನೋ ಮದುವೆಯಾಗುವ ಪದ್ಧತಿ ಕರ್ನಾಟಕದ ಹಲವು ಕುಟುಂಬಗಳಲ್ಲಿ ಇನ್ನೂ ಇದೆ. ಒಬ್ಬ ಪೂರ್ವಜರ ಒಂದೇ ಪ್ರತಿ ಎರಡೂ ಕಡೆಯಿಂದ ಬಂದು ಸೇರುವ ಸಾಧ್ಯತೆ ಅತ್ತೆಯ ಮಗನೊಂದಿಗಿನ ಮದುವೆಯಲ್ಲಿ 16ರಲ್ಲಿ 1, ಸೋದರಮಾವನೊಂದಿಗಿನ ಮದುವೆಯಲ್ಲಿ 8ರಲ್ಲಿ 1. ಮನೆಯಲ್ಲಿ ಇಂಥ ಕಾಯಿಲೆಯ ಮಗು ಇದ್ದರೆ, ಮುಂದಿನ ಸಂಬಂಧ ಕುದುರಿಸುವ ಮೊದಲು ವಂಶವಾಹಿ ಸಲಹೆ ಪಡೆಯುವುದು ಅಗತ್ಯ.

ಇನ್ನು ಸನ್‌ಸ್ಕ್ರೀನಿನ ವಿಷಯ. ಎಸ್‌ಪಿಎಫ್ ಅಳೆಯುವ ಕ್ರಮ ಹೀಗೆ: ಬರಿಯ ಚರ್ಮ ಎಷ್ಟು ಪ್ರಮಾಣದ ಕಿರಣಕ್ಕೆ ನಸುಗೆಂಪಾಗುತ್ತದೆ ಎಂದು ನೋಡುತ್ತಾರೆ, ಆಮೇಲೆ ಪ್ರತಿ ಚದರ ಸೆಂಟಿಮೀಟರಿಗೆ 2 ಮಿಲಿಗ್ರಾಂ ಲೇಪ ಹಚ್ಚಿ ಎಷ್ಟಕ್ಕೆ ಕೆಂಪಾಗುತ್ತದೆ ಎಂದು ನೋಡುತ್ತಾರೆ. ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿದರೆ ಬರುವುದೇ ಟ್ಯೂಬಿನ ಮೇಲಿನ ಅಂಕಿ. ಹಾಗಾಗಿ 15ರ ಲೇಪ ಚರ್ಮ ಕೆಂಪಾಗಿಸುವ ಕಿರಣದಲ್ಲಿ ಸುಮಾರು ಶೇಕಡ 93ನ್ನು, 30ರದು 97ನ್ನು, 50ರದು 98ನ್ನು ತಡೆಯುತ್ತದೆ. ಅಂಕಿ ಒಂದು ಗುಣಕ ಮಾತ್ರ. ಅದು ಗುಣಿಸುವುದು ನಿಮ್ಮ ವಂಶವಾಹಿಗಳು ನಿಮಗೆ ಕೊಟ್ಟಿರುವ ಮೂಲ ಬಂಡವಾಳವನ್ನು. ಎಂಸಿ1ಆರ್ ಕೆಟ್ಟಿರುವ ಐರಿಷ್ ಮಹಿಳೆಗೂ ರಾಯಚೂರಿನ ಹೊಲದಲ್ಲಿ ದುಡಿಯುವ ಮಹಿಳೆಗೂ ಗುಣಕ ಒಂದೇ ಆದರೂ ಗುಣಲಬ್ಧ ಒಂದೇ ಅಲ್ಲ.

ಇದಕ್ಕಿಂತ ಮುಖ್ಯವಾದ ಮಾತೆಂದರೆ, ಎಸ್‌ಪಿಎಫ್ ಕೇಳುವ ಪ್ರಶ್ನೆ ಒಂದೇ, ಚರ್ಮ ಎಷ್ಟಕ್ಕೆ ಕೆಂಪಾಯಿತು ಎಂಬುದು. ಅದು ಬಹುತೇಕ ಯುವಿ-ಬಿಯ ಲೆಕ್ಕ, ಮತ್ತು ಮೂಲತಃ ಬಿಳಿಯ ಚರ್ಮದ ಪ್ರಶ್ನೆ. ಚರ್ಮರೋಗ ತಜ್ಞರ ಬಳಿಗೆ ಬರುವ ನಮ್ಮ ಜನ ಕೆಂಪಾಯಿತೆಂದು ದೂರುವುದು ಅಪರೂಪ. ಅವರ ದೂರು ಕೆನ್ನೆಯ ಮೇಲೆ ಹರಡಿದ ಬಂಗು, ಮೊಡವೆ ಮಾಗಿದ ಮೇಲೂ ಉಳಿದ ಕಪ್ಪು ಕಲೆ, ಹಣೆಯ ಮೇಲಿನ ಅಸಮ ಬಣ್ಣ. ಇವುಗಳ ಹಿಂದೆ ಯುವಿ-ಎಯ ಕೈವಾಡ ದೊಡ್ಡದು. ಟ್ಯೂಬಿನ ಮೇಲೆ ಪಿಎ ಎಂಬ ಅಕ್ಷರಗಳ ಪಕ್ಕ ಇರುವ ಕೂಡು ಚಿಹ್ನೆಗಳು ನಮಗೆ ಹೆಚ್ಚು ಉಪಯುಕ್ತವಾಗುವುದು ಈ ಕಾರಣಕ್ಕೆ. 1996ರಲ್ಲಿ ಜಪಾನಿನಲ್ಲಿ ರೂಪುಗೊಂಡ ಆ ಪದ್ಧತಿ ಯುವಿ-ಎಯಿಂದ ಚರ್ಮ ಎಷ್ಟು ಕಪ್ಪಾಯಿತು ಎಂದೇ ಅಳೆಯುತ್ತದೆ. ಮೂರು ಕೂಡು ಚಿಹ್ನೆ ಎಂದರೆ 8ರಿಂದ 16 ಪಟ್ಟು ರಕ್ಷಣೆ, ನಾಲ್ಕು ಎಂದರೆ ಅದಕ್ಕೂ ಮೇಲೆ.

ಅಷ್ಟಕ್ಕೂ ಕಥೆ ನೇರಳಾತೀತದಲ್ಲೇ ಮುಗಿಯುವುದಿಲ್ಲ. 2010ರಲ್ಲಿ ಅಮೆರಿಕದ ಸಂಶೋಧಕರು ಕಣ್ಣಿಗೆ ಕಾಣುವ ಬೆಳಕನ್ನೇ ಬೇರೆ ಬೇರೆ ಬಣ್ಣದ ಚರ್ಮಗಳ ಮೇಲೆ ಹಾಯಿಸಿ ನೋಡಿದರು. ಬಿಳಿಯ ಚರ್ಮ ಕಪ್ಪಾಗಲಿಲ್ಲ; ಕಂದು ಮತ್ತು ಕಪ್ಪು ಚರ್ಮಗಳು ಗಾಢವಾಗಿ, ಬಹುದಿನ ಉಳಿಯುವಂತೆ ಕಪ್ಪಾದವು. ನೀಲಿ ಬೆಳಕನ್ನು ಗ್ರಹಿಸುವ ಆಪ್ಸಿನ್-3 ಎಂಬ ಪ್ರೋಟೀನು ವರ್ಣಕೋಶಗಳಲ್ಲೇ ಇದೆ ಎಂಬುದು 2018ರಲ್ಲಿ ಗೊತ್ತಾಯಿತು. ಬಂಗು ಇರುವ ಮಹಿಳೆಯರು ಎಸ್‌ಪಿಎಫ್ 50ನ್ನು ತಪ್ಪದೆ ಹಚ್ಚಿಕೊಂಡೂ ಫಲ ಕಾಣದೆ ನಿರಾಶರಾಗುವುದಕ್ಕೆ ಇದೂ ಒಂದು ಕಾರಣ. ಸಾಮಾನ್ಯ ಸನ್‌ಸ್ಕ್ರೀನ್ ಕಾಣುವ ಬೆಳಕನ್ನು ತಡೆಯುವುದಿಲ್ಲ. ಕಬ್ಬಿಣದ ಆಕ್ಸೈಡ್ ಬೆರೆಸಿದ, ಚರ್ಮದ ಬಣ್ಣದ ಲೇಪಗಳು ತಡೆಯುತ್ತವೆ. ಬಂಗು ನಮ್ಮಲ್ಲಿ ಅನೇಕ ವೇಳೆ ಮನೆತನದಲ್ಲೇ ಹರಿದು ಬರುತ್ತದೆ, ಬಸಿರಿನ ಕಾಲದಲ್ಲಿ ಹೆಚ್ಚುತ್ತದೆ. ತಾಯಿಗೆ ಬಂಗು ಇದ್ದವರು ಬಣ್ಣದ ಲೇಪವನ್ನೇ ಆರಿಸಿಕೊಳ್ಳುವುದು ಒಳ್ಳೆಯದೆಂದು ನನಗೆ ತೋರುತ್ತದೆ.

ಮೆಲನಿನ್ ಬರಿಯ ಉಪಕಾರಿಯೂ ಅಲ್ಲ. ಯೇಲ್ ವಿಶ್ವವಿದ್ಯಾಲಯದ ಡಗ್ಲಸ್ ಬ್ರ್ಯಾಶ್ ಅವರ ತಂಡ 2015ರಲ್ಲಿ ಪ್ರಕಟಿಸಿದ ಫಲಿತಾಂಶ ಹಲವರನ್ನು ಅಚ್ಚರಿಗೊಳಿಸಿತು. ಯುವಿ-ಎ ತಾಗಿದ ವರ್ಣಕೋಶಗಳನ್ನು ಕತ್ತಲಲ್ಲಿಟ್ಟರೂ, ಮೂರು ಗಂಟೆಗಳಿಗೂ ಹೆಚ್ಚು ಕಾಲ, ಡಿಎನ್‌ಎಯಲ್ಲಿ ಗಂಟುಗಳು ಹೊಸದಾಗಿ ಬೀಳುತ್ತಲೇ ಇದ್ದವು. ಕಿರಣದಿಂದ ಉದ್ರೇಕಗೊಂಡ ಮೆಲನಿನ್ನಿನ ತುಣುಕುಗಳು ತಾವು ಹೊತ್ತ ಶಕ್ತಿಯನ್ನು ಡಿಎನ್‌ಎಗೆ ದಾಟಿಸುತ್ತಿದ್ದವು. ಮನೆಗೆ ಬಂದು ನೆರಳಲ್ಲಿ ಕುಳಿತ ಮೇಲೂ ಬಿಸಿಲು ಕೆಲಸ ಮಾಡುತ್ತಿರುತ್ತದೆ.

ಲೇಪದೊಳಗೆ ಕೆಲಸ ಮಾಡುವ ವಸ್ತುಗಳಲ್ಲಿ ಎರಡು ಬಗೆ. ಅವೊಬೆನ್‌ಜೋನ್‌ನಂಥ ಸಾವಯವ ಅಣುಗಳು ಕಿರಣವನ್ನು ಹೀರಿ ಶಾಖವಾಗಿ ಬಿಡುತ್ತವೆ. ಝಿಂಕ್ ಆಕ್ಸೈಡ್ ಮತ್ತು ಟೈಟಾನಿಯಂ ಡೈಆಕ್ಸೈಡ್ ಖನಿಜಗಳು ಕನ್ನಡಿಯಂತೆ ಕಿರಣವನ್ನು ಹಿಂದಕ್ಕೆ ಎಸೆಯುತ್ತವೆ ಎಂದು ಹೇಳುವುದು ರೂಢಿ. ವಾಸ್ತವದಲ್ಲಿ ಅವೂ ನೇರಳಾತೀತದ ಬಹುಪಾಲನ್ನು ಹೀರಿಕೊಂಡೇ ತಡೆಯುತ್ತವೆ. ಅವೊಬೆನ್‌ಜೋನ್ ಯುವಿ-ಎಗೆ ಒಳ್ಳೆಯ ತಡೆಯಾದರೂ ಬಿಸಿಲಿಗೆ ತಾನೇ ಮುರಿದುಹೋಗುವ ಸ್ವಭಾವದ್ದು, ಆದ್ದರಿಂದ ಅದಕ್ಕೆ ಆಸರೆಯಾಗಿ ಬೇರೆ ಅಣುಗಳನ್ನು ಬೆರೆಸಬೇಕಾಗುತ್ತದೆ. ಬಿಸಿಲಿನಲ್ಲಿರುವವರು ಎರಡು ಗಂಟೆಗೊಮ್ಮೆ, ಬೆವರಿದಾಗ ಇನ್ನೂ ಬೇಗ, ಮತ್ತೆ ಹಚ್ಚಬೇಕೆನ್ನುವುದು ಲೇಪ ಅಳಿಸಿಹೋಗುವುದರಿಂದ.

ಪ್ರಮಾಣದ ವಿಷಯದಲ್ಲಿ ಎಲ್ಲ ದೇಶದವರೂ ತಪ್ಪುತ್ತಾರೆ. ಚದರ ಸೆಂಟಿಮೀಟರಿಗೆ 2 ಮಿಲಿಗ್ರಾಂ ಲೆಕ್ಕದಲ್ಲಿ ಇಡೀ ಮೈಗೆ 30 ಗ್ರಾಮಿಗೂ ಹೆಚ್ಚು ಬೇಕು. ಅಂದರೆ 50 ಗ್ರಾಮಿನ ಟ್ಯೂಬು ಎರಡು ಸಲಕ್ಕೂ ಸಾಲದು. ಮುಖ ಮತ್ತು ಕತ್ತಿಗೇ ಒಂದು ಗ್ರಾಮಿಗಿಂತ ಹೆಚ್ಚು, ಎರಡು ಬೆರಳುಗಳ ಉದ್ದಕ್ಕೆ ಎಳೆದಷ್ಟು. ಜನ ಸಾಮಾನ್ಯವಾಗಿ ಹಚ್ಚುವುದು ಇದರ ಕಾಲು ಭಾಗದಿಂದ ಅರ್ಧದಷ್ಟು. ಆಗ ಸಿಗುವ ರಕ್ಷಣೆ ಟ್ಯೂಬು ಹೇಳುವುದರ ಅರ್ಧವೂ ಇರಲಿಕ್ಕಿಲ್ಲ. ದಿನಗೂಲಿಯ ಮೇಲೆ ಬದುಕುವ ಕುಟುಂಬಕ್ಕೆ ಈ ಖರ್ಚು ನಿಲುಕುವಂಥದಲ್ಲ. ಅವರಿಗೆ ತಲೆಯ ಮೇಲಿನ ಸೆರಗು, ತುಂಬುತೋಳಿನ ಅಂಗಿ, ಅಗಲ ಅಂಚಿನ ಟೋಪಿ ನಂಬಿಕೆಗೆ ಅರ್ಹವಾದ ರಕ್ಷಣೆ, ಮತ್ತು ಒತ್ತಾದ ನೇಯ್ಗೆಯ ಬಟ್ಟೆ ತೆಳುವಾಗಿ ಹಚ್ಚಿದ ಲೇಪಕ್ಕಿಂತ ಮೇಲು.

ಬೆಂಗಳೂರಿನವರಿಗೆ ಒಂದು ಮಾತನ್ನು ಒತ್ತಿ ಹೇಳಬೇಕು. ಬಿಸಿಲು ಎಂಬ ನಮ್ಮ ಪದದಲ್ಲಿ ಬೆಳಕೂ ಬಿಸಿಯೂ ಸೇರಿಕೊಂಡಿರುವುದರಿಂದ, ಝಳ ಇಲ್ಲದ ಕಡೆ ಬಿಸಿಲೂ ಇಲ್ಲ ಎಂದು ಮನಸ್ಸು ಭಾವಿಸುತ್ತದೆ. ನೇರಳಾತೀತ ಕಿರಣ ಕಣ್ಣಿಗೆ ಕಾಣುವುದಿಲ್ಲ, ಮೈಗೆ ಬೆಚ್ಚಗೂ ತಾಗುವುದಿಲ್ಲ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ನಗರದ ಮೇಲೆ ಗಾಳಿಯ ಪದರ ತೆಳುವಾಗಿರುತ್ತದೆ, ಸೂರ್ಯ ವರ್ಷದ ಬಹುಕಾಲ ನೆತ್ತಿಗೆ ಹತ್ತಿರವೇ ಇರುತ್ತಾನೆ. ಮೂರನ್ನು ಮುಟ್ಟಿದರೆ ರಕ್ಷಣೆ ಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಯುವಿ ಸೂಚ್ಯಂಕ, ಮಾರ್ಚ್-ಏಪ್ರಿಲ್‌ನ ನಿಚ್ಚಳ ಮಧ್ಯಾಹ್ನಗಳಲ್ಲಿ ಇಲ್ಲಿ 11ನ್ನು ಮೀರುತ್ತದೆ. ತಂಗಾಳಿ ಬೀಸುವ ಬೆಂಗಳೂರಿನಲ್ಲಿ ಅಲ್ಲ, ಬೇಯುವ ಕಲಬುರಗಿಯಲ್ಲಿ ಮಾತ್ರ ಚರ್ಮಕ್ಕೆ ಅಪಾಯ ಎಂಬ ನಂಬಿಕೆ ತಪ್ಪು.

ಇದನ್ನು ಓದಿ ಬಿಸಿಲಿಗೇ ಹೆದರಬೇಕಿಲ್ಲ. ಚರ್ಮದಲ್ಲಿ ವಿಟಮಿನ್ ಡಿ ತಯಾರಾಗಲು ಬೇಕಾದದ್ದು ಅದೇ ಯುವಿ-ಬಿ, ಮತ್ತು ಮೆಲನಿನ್ ಹೆಚ್ಚಿದ್ದಷ್ಟೂ ಆ ತಯಾರಿಕೆ ನಿಧಾನ. ಬೆಳಗಾದರೆ ಕಚೇರಿ ಸೇರಿ ಸಂಜೆ ಹೊರಬರುವ ನಗರವಾಸಿಗಳಲ್ಲಿ ಅದರ ಕೊರತೆ ವ್ಯಾಪಕವಾಗಿದೆ. ಕೆನಡಾಕ್ಕೋ ಇಂಗ್ಲೆಂಡಿಗೋ ಹೋಗಿ ನೆಲೆಸಿದ ಕನ್ನಡಿಗರದು ನಂಬೂರಿನವರ ತಿರುವುಮುರುವಾದ ಸ್ಥಿತಿ: ಉರಿಬಿಸಿಲಿಗೆ ಒಗ್ಗಿದ ಚರ್ಮ, ಮಂಕು ಬಿಸಿಲಿನ ನಾಡು. ಅಲ್ಲಿನ ಚಳಿಗಾಲದಲ್ಲಿ ಅವರಿಗೆ ಬೇಕಾದದ್ದು ಸನ್‌ಸ್ಕ್ರೀನಲ್ಲ, ವೈದ್ಯರನ್ನು ಕೇಳಿ ತೆಗೆದುಕೊಳ್ಳುವ ವಿಟಮಿನ್ ಡಿ. ಹಾಗೆಯೇ, ಕಪ್ಪು ಚರ್ಮದವರಿಗೆ ಮೆಲನೋಮ ಬಂದಾಗ ಅದು ಹೆಚ್ಚಾಗಿ ಕಾಣಿಸುವುದು ಬಿಸಿಲು ತಾಗದ ಅಂಗಾಲು, ಅಂಗೈ ಮತ್ತು ಉಗುರಿನ ಕೆಳಗೆ. ಅದನ್ನು ಯಾವ ಲೇಪವೂ ತಡೆಯದು. ಅಂಗಾಲಿನ ಹೊಸ ಕಪ್ಪು ಮಚ್ಚೆ ದೊಡ್ಡದಾಗುತ್ತಿದ್ದರೆ ತಡಮಾಡದೆ ತೋರಿಸಬೇಕು.

ವಂಶವಾಹಿ ಮತ್ತು ಸನ್‌ಸ್ಕ್ರೀನ್ ಅತ್ಯಂತ ನಿಕಟವಾಗಿ ಸೇರುವುದು ಆಲ್ಬಿನಿಸಂ ಇರುವವರ ಬದುಕಿನಲ್ಲಿ. ಅವರಲ್ಲಿ ವರ್ಣಕೋಶಗಳಿಗೆ ಕೊರತೆಯಿಲ್ಲ, ಒಂದೇ ಒಂದು ವಂಶವಾಹಿ ಕೆಟ್ಟಿರುವುದರಿಂದ ಅವು ಮೆಲನಿನ್ ತಯಾರಿಸಲಾರವು. ಜಗತ್ತಿನಲ್ಲಿ ಸುಮಾರು 17,000 ಮಂದಿಗೆ ಒಬ್ಬರಲ್ಲಿ ಕಾಣುವ ಇದು ತಾಂಜಾನಿಯದಲ್ಲಿ ಸುಮಾರು 1,400 ಮಂದಿಗೆ ಒಬ್ಬರಲ್ಲಿದೆ, ಮತ್ತು ಸಮಭಾಜಕ ವೃತ್ತದ ಸಮೀಪದ ಆ ಬಿಸಿಲಿನಲ್ಲಿ ಎಳೆಯ ವಯಸ್ಸಿನಲ್ಲೇ ಚರ್ಮದ ಕ್ಯಾನ್ಸರ್ ಬಂದು ಜೀವ ಕಳೆದುಕೊಂಡವರು ಬಹಳ. ಕಿಲಿಮಂಜಾರೊ ಪರ್ವತದ ತಪ್ಪಲಿನ ಮೋಶಿ ಪಟ್ಟಣದ ಚರ್ಮರೋಗ ತರಬೇತಿ ಕೇಂದ್ರದಲ್ಲಿ ಇವರಿಗಾಗಿಯೇ ಕಿಲಿಸನ್ ಎಂಬ ಸನ್‌ಸ್ಕ್ರೀನನ್ನು ಸ್ಥಳೀಯವಾಗಿ ತಯಾರಿಸುತ್ತಾರೆ. ಮುಖ, ಕಿವಿ, ಕತ್ತು, ತುಟಿಗಳಿಗೆ ಅದನ್ನು ಎಷ್ಟು ದಪ್ಪ ಹಚ್ಚಬೇಕೆಂದು, ಟೋಪಿಯನ್ನು ಏಕೆ ಕಳಚಬಾರದೆಂದು ಮಕ್ಕಳಿಗೂ ಅವರ ತಾಯಂದಿರಿಗೂ ಹೇಳಿಕೊಟ್ಟು, ಹಣ ತೆಗೆದುಕೊಳ್ಳದೆ ಹಂಚುತ್ತಾರೆ.